ಫಲಕಗಳು ಉದುರಿದ ವರ್ಷ

ಮೊನ್ನೆ ನಮ್ಮ ಮನೆಯ ಗೇಟಿಗೆ ಬಣ್ಣ ಬಳಿಯುವವರು ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆದದ್ದೇ ಎನಾಮೆಲ್ ಪೈಂಟಿನ ವಾಸನೆ ಚಾವಡಿಯವರೆಗೂ ಬಂತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತೆ. ಸಣ್ಣ ಧೂಳಿಗೂ ಕೆಮ್ಮುವ ಅತ್ತೆ ಇದನ್ನು ಹೇಗೆ ಸಹಿಸುತ್ತಾರೆ ಎಂದು ಸೊಸೆಗೆ ಆಶ್ಚರ್ಯ. ಎಂಬತ್ತೆರಡನೆಯ ಇಸವಿಯ ಮಳೆಗಾಲವಿಡೀ ಈ ವಾಸನೆಯಲ್ಲೇ ಕಳೆದವಳು ನಾನು ಎಂದು ಅವಳಿಗೆ ಗೊತ್ತಿಲ್ಲ.

ಆಗ ನನಗೆ ಇಪ್ಪತ್ತೊಂದು. ಕಾಪುವಿನಲ್ಲಿ, ಪೇಟೆಯಿಂದ ಕಡಲ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ನಾನು, ಉಮ್ಮ ಇಬ್ಬರೇ. ಬಾಪ ನನ್ನ ಏಳನೆಯ ವಯಸ್ಸಿನಲ್ಲಿ ಜ್ವರದಲ್ಲಿ ತೀರಿಹೋಗಿದ್ದರು. ಐದನೇ ಕ್ಲಾಸು ಮುಗಿದ ರಜೆಯಲ್ಲಿ ಉಮ್ಮ ನನ್ನ ಮಡಿಲಿಗೆ ಬೀಡಿಯ ಮೊರ ಇಟ್ಟದ್ದು. ಆಮೇಲೆ ಶಾಲೆ ತೆರೆದರೂ ಮೊರ ಇಳಿಯಲಿಲ್ಲ. ಬೀಡಿ ಕಂಪೆನಿಯ ಬ್ರಾಂಚಿನವರು ಕೊಟ್ಟ ಎಲೆಯನ್ನು ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕಿ ಸುರುಟುವುದು, ನೂಲು ಕಟ್ಟುವುದು. ಹತ್ತು ವರ್ಷ ಅದೇ. ನನ್ನ ಕೈ ಚುರುಕಿನದ್ದು ಎಂದು ನೆರೆಮನೆಯವರು ಹೊಗಳುತ್ತಿದ್ದರು.

ಕೆಮ್ಮು ಯಾವಾಗ ಶುರುವಾಯಿತೆಂದು ನೆನಪಿಲ್ಲ. ರಾತ್ರಿ ಮಲಗಲು ಬಿಡದಷ್ಟು ಆದ ಮೇಲೆ ಉಮ್ಮ ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕ್ಷಯವೇ ಎಂದು ನಾವಿಬ್ಬರೂ ಹೆದರಿದ್ದೆವು. ಡಾಕ್ಟರು ಎಕ್ಸ್‌ರೇ ನೋಡಿ, ಕ್ಷಯ ಅಲ್ಲ, ಹೊಗೆಸೊಪ್ಪಿನ ಧೂಳು ಎಂದರು. ಈ ಕೆಲಸ ಬಿಟ್ಟರೆ ಗುಣ ಆಗುತ್ತದೆ, ಬಿಡದಿದ್ದರೆ ಹೇಳಲಾಗದು ಎಂದರು. ಮನೆಗೆ ಬಂದದ್ದೇ ಉಮ್ಮ ನನ್ನ ಮೊರವನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಅದರ ಮರುದಿನದಿಂದ ನನ್ನ ಪಾಲಿನ ಬೀಡಿಯನ್ನೂ ಅವರೇ ಕಟ್ಟತೊಡಗಿದರು. ನೋಡುತ್ತ ಸುಮ್ಮನೆ ಕೂರುವುದು ನನಗೆ ಕೆಮ್ಮಿಗಿಂತ ಕಷ್ಟವಾಯಿತು.

ನಮ್ಮ ಮನೆಯ ಹಿಂದೆ ಲೀಲಕ್ಕ ಇದ್ದರು. ಮಣಿಪಾಲ ದಾಟಿ ಕಾರ್ಕಳದ ಕಡೆ ಹೋಗುವ ದಾರಿಯಲ್ಲಿ ಸರಕಾರದ ಒಂದು ಸಸ್ಯೋದ್ಯಾನವಿತ್ತು. ಅಲ್ಲಿ ಕಳೆ ಕೀಳಲು, ನೀರು ಹಾಕಲು ಅವರು ಹೋಗುತ್ತಿದ್ದರು. ಇನ್ನೊಬ್ಬರು ಹೆಂಗಸು ಬೇಕಂತೆ ಎಂದು ಅವರು ಹೇಳಿದಾಗ ಉಮ್ಮ ಮೊದಲು ಒಪ್ಪಲಿಲ್ಲ. ಎರಡು ಬಸ್ಸು ಹತ್ತಿ ಗುಡ್ಡಕ್ಕೆ ಹೋಗಿ ಮಣ್ಣಿನಲ್ಲಿ ಕೆಲಸ ಮಾಡುವುದೆಂದರೆ ಜನ ಏನೆಂದಾರು ಎಂದರು. ಲೀಲಕ್ಕ ಜೊತೆಗಿರುತ್ತಾರೆ, ಸಂಜೆ ದೀಪ ಹಚ್ಚುವ ಮೊದಲು ಬರುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೆ, ಒಂದು ತಿಂಗಳು ಮಾತ್ರ ಎಂದರು. ಎಂಬತ್ತೊಂದರ ಸೆಪ್ಟೆಂಬರು ಅದು, ಮಳೆ ಕಡಿಮೆಯಾಗುತ್ತಿದ್ದ ಸಮಯ.

ಸಸ್ಯೋದ್ಯಾನ ಎಂದರೆ ಹೂವಿನ ಸಾಲುಗಳು ಇರುತ್ತವೆ ಎಂದು ನಾನು ಎಣಿಸಿದ್ದೆ. ಅಲ್ಲಿದ್ದದ್ದು ಒಂದು ಮುರಕಲ್ಲಿನ ಗುಡ್ಡ. ಕಲ್ಲು ಒಡೆದು ಹೊಂಡ ಮಾಡಿ, ಬೇರೆ ಕಡೆಯಿಂದ ಮಣ್ಣು ತಂದು ತುಂಬಿಸಿ ಬೆಳೆಸಿದ ಮರಗಳು. ಇಪ್ಪತ್ತು ವರ್ಷಗಳ ಹಿಂದೆ ಯಾರೋ ಒಬ್ಬರು ಉತ್ಸಾಹದ ಅಧಿಕಾರಿ ದೇಶದ ಬೇರೆ ಬೇರೆ ಕಡೆಯಿಂದ ಬೀಜ ತರಿಸಿ ಹಾಕಿಸಿದ್ದರಂತೆ. ಅವರು ವರ್ಗವಾಗಿ ಹೋದ ಮೇಲೆ ಬಂದ ಯಾರಿಗೂ ಆ ಉತ್ಸಾಹವಿರಲಿಲ್ಲ. ಈಗ ಅಧಿಕಾರಿ ಉಡುಪಿಯ ಕಚೇರಿಯಲ್ಲಿ ಕೂರುತ್ತಿದ್ದರು. ಗುಡ್ಡವನ್ನು ನೋಡಿಕೊಳ್ಳುತ್ತಿದ್ದವರು ಕೊರಗಪ್ಪಣ್ಣ. ಐವತ್ತೈದು ದಾಟಿದ ಮನುಷ್ಯ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟದಲ್ಲಿ ಕತ್ತಿ. ಮೊದಲ ಹೊಂಡ ತೋಡಿದವರಲ್ಲಿ ಅವರೂ ಒಬ್ಬರು. ನಾವೆಲ್ಲ ಅಲ್ಲಿ ತುಳುವಿನಲ್ಲೇ ಮಾತಾಡುತ್ತಿದ್ದದ್ದು.

ಮೊದಲ ವಾರವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಸಸಿ ಮಡಿಯ ಕಳೆ ಕೀಳಲು ಹೇಳಿದ್ದರು. ನಾನು ಬೀಡಿ ಕಟ್ಟುವ ವೇಗದಲ್ಲಿ ಎಲ್ಲವನ್ನೂ ಕಿತ್ತು ಮಡಿಯನ್ನು ಅಂಗಳದ ಹಾಗೆ ಮಾಡಿಟ್ಟೆ. ಕೊರಗಪ್ಪಣ್ಣ ಬಂದು ನೋಡಿ, ಕಿತ್ತ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಅದರೊಳಗಿಂದ ಒಂದೊಂದೇ ಗಿಡ ಹೆಕ್ಕಿ ಪಕ್ಕಕ್ಕಿಟ್ಟರು. ಹನ್ನೊಂದು ಇದ್ದವು. ಸುರಗಿಯ ಸಸಿಗಳು. ಅವು ಮೊಳೆಯಲಿ ಎಂದು ಅವರು ತಿಂಗಳುಗಟ್ಟಲೆ ಕಾದಿದ್ದರೆಂದು ಲೀಲಕ್ಕ ಆಮೇಲೆ ಹೇಳಿದರು. ಬೈಗಳಿಗೆ ತಲೆ ತಗ್ಗಿಸಿ ನಿಂತಿದ್ದೆ. ಕೊರಗಪ್ಪಣ್ಣ ಬೈಯಲಿಲ್ಲ. ಒಂದು ಸಸಿಯನ್ನು ನನ್ನ ಕೈಗೆ ಕೊಟ್ಟು, ಎಲೆಯನ್ನು ಬೆಳಕಿಗೆ ಹಿಡಿದು ನೋಡು, ತಿಕ್ಕಿ ನೋಡು, ಮೂಸಿ ನೋಡು ಎಂದರು. ಮತ್ತೆ ಕಳೆಯ ಗಿಡ ಕೊಟ್ಟು ಅದನ್ನೂ ಹಾಗೇ ಮಾಡಿಸಿದರು.

"ಈಗ ಇದನ್ನು ನೀನೇ ನೆಡು. ಬದುಕಿದರೆ ನಿನ್ನದು, ಸತ್ತರೂ ನಿನ್ನದು" ಎಂದರು.

ಹನ್ನೊಂದರಲ್ಲಿ ಏಳು ಬದುಕಿದವು. ಒಂದು ತಿಂಗಳು ಎಂದದ್ದು ಎರಡಾಯಿತು, ನಾಲ್ಕಾಯಿತು. ಉಮ್ಮ ಬೇಡವೆನ್ನಲಿಲ್ಲ. ನನ್ನ ಕೆಮ್ಮು ಇಳಿಯುತ್ತಿರುವುದು ಅವರಿಗೂ ಕೇಳಿಸುತ್ತಿತ್ತಲ್ಲ.

ಆ ಚಳಿಗಾಲ ನಾನು ಕಲಿತದ್ದಕ್ಕೆ ಲೆಕ್ಕವಿಲ್ಲ. ಗೆಲ್ಲಿನ ತೊಗಟೆಯನ್ನು ಬಳೆಯ ಹಾಗೆ ತೆಗೆದು, ಹಸಿ ಮಣ್ಣು ಮೆತ್ತಿ, ಚೀಲದ ತುಂಡು ಸುತ್ತಿ ಅಲ್ಲೇ ಬೇರು ಬರಿಸುವುದು. ದಾಸವಾಳದ ತುಂಡನ್ನು ಓರೆಯಾಗಿ ಕತ್ತರಿಸಿ ಮರಳಿನಲ್ಲಿ ಊರುವುದು. ನೀರನ್ನು ಬುಡಕ್ಕೆ ಹೊಯ್ಯದೆ, ಗೆಲ್ಲುಗಳ ನೆರಳು ಎಲ್ಲಿಯವರೆಗೆ ಬೀಳುತ್ತದೋ ಆ ಸುತ್ತಿನಲ್ಲಿ ಹೊಯ್ಯುವುದು. ಆದಿತ್ಯವಾರ ಊರಿನವರು, ಶಾಲೆಯ ಮಕ್ಕಳು ತೋಟ ನೋಡಲು ಬರುತ್ತಿದ್ದರು. ಕಸಿ ಕಟ್ಟುವುದು ಹೇಗೆಂದು ಕೇಳಿದವರಿಗೆಲ್ಲ ಕೊರಗಪ್ಪಣ್ಣ ಕಟ್ಟಿ ತೋರಿಸುತ್ತಿದ್ದರು. ಉಡುಪಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ವತ್ಸಲಾ ಮೇಡಂ ವರ್ಷಕ್ಕೆರಡು ಸಲ ವಿದ್ಯಾರ್ಥಿಗಳನ್ನು ಕರೆತರುತ್ತಿದ್ದರು. ನಾನು ನೀರಿನ ಕೊಡ ಹಿಡಿದುಕೊಂಡೇ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದೆ.

ಪ್ರತಿ ಮರಕ್ಕೂ ಒಂದು ತಗಡಿನ ಫಲಕವಿತ್ತು, ಹಳೆಯ ಅಧಿಕಾರಿ ಬರೆಸಿದ್ದು. ಬಿಸಿಲಿಗೆ ಬಣ್ಣ ಎದ್ದು, ತುಕ್ಕು ಹಿಡಿದು, ಹೇಗೋ ನೇತಾಡಿಕೊಂಡಿದ್ದವು. ಮೇ ತಿಂಗಳ ಕೊನೆಗೆ ಒಂದು ಸಂಜೆ ಗಾಳಿಮಳೆ ಬಂತು. ಮರುದಿನ ಬೆಳಿಗ್ಗೆ ನಾವು ಹೋಗಿ ನೋಡಿದರೆ ಗುಡ್ಡದ ತುಂಬ ಬಿದ್ದ ತಗಡುಗಳು. ಹೆಚ್ಚಿನವುಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಹೆಸರುಗಳನ್ನು ಬರೆದಿಟ್ಟ ದೊಡ್ಡ ಪುಸ್ತಕ ಶೆಡ್ಡಿನ ಪೆಟ್ಟಿಗೆಯಲ್ಲಿತ್ತು. ತೆಗೆದರೆ ರಟ್ಟು ಮಾತ್ರ ಕೈಗೆ ಬಂತು. ಒಳಗೆಲ್ಲ ಒರಲೆ ತಿಂದು ಮಣ್ಣಾಗಿತ್ತು.

ಅದೇ ವಾರ ಕಚೇರಿಯಿಂದ ಕಾಗದ ಬಂತು. ಓದಿ ಹೇಳಲು ಕೊರಗಪ್ಪಣ್ಣ ಅದನ್ನು ನನಗೆ ಕೊಟ್ಟರು. ಅವರಿಗೆ ಓದು ಬರಹ ಬಾರದೆಂದು ನನಗೆ ಗೊತ್ತಾದದ್ದು ಆಗಲೇ. ಮಳೆ ಮುಗಿದ ಮೇಲೆ ಮೇಲಧಿಕಾರಿಗಳು ಬೆಂಗಳೂರಿನಿಂದ ಬಂದು ತೋಟ ನೋಡುತ್ತಾರೆ, ಇದನ್ನು ಸಸ್ಯೋದ್ಯಾನವಾಗಿ ಉಳಿಸುವ ಅಗತ್ಯ ಉಂಟೋ, ಇಡೀ ಗುಡ್ಡಕ್ಕೆ ಗೇರು ಹಾಕುವುದೋ ಎಂದು ತೀರ್ಮಾನಿಸುತ್ತಾರೆ, ಗಿಡಗಳ ಪಟ್ಟಿ ಸಿದ್ಧವಿಡಬೇಕು ಎಂದಿತ್ತು. ನಾನು ಎರಡು ಸಲ ಓದಿದೆ. ಅವರು ಬಿದ್ದ ತಗಡೊಂದನ್ನು ಎತ್ತಿ ತಿರುಗಿಸಿ ನೋಡಿದರು.

"ಹೆಸರಿಲ್ಲದಿದ್ದರೆ ಅವರಿಗೆ ಇದು ಕಾಡು. ಕಾಡು ಕಡಿಯಲು ಎಂತ ಕಷ್ಟ?" ಎಂದರು.

ನಾನು ಬರೆಯುತ್ತೇನೆ, ನೀವು ಹೇಳಿ ಎಂದೆ. ಯೋಚಿಸಿ ಆಡಿದ ಮಾತಲ್ಲ. ಗುಡ್ಡ ಹೋದರೆ ನಾನು ಮತ್ತೆ ಅಟ್ಟದ ಮೇಲಿನ ಮೊರ ಇಳಿಸಬೇಕಿತ್ತು. ಅದೊಂದೇ ಆಗ ಮನಸ್ಸಿನಲ್ಲಿದ್ದದ್ದು.

ಹೀಗೆ ಮಳೆಗಾಲದ ಆ ನಾಲ್ಕು ತಿಂಗಳು ಶುರುವಾಯಿತು. ಎಣ್ಣೆಯ ತಗಡಿನ ಡಬ್ಬಿಗಳನ್ನು ಕತ್ತರಿಸಿ, ಹಸಿರು ಬಳಿದು ಒಣಗಿಸಿ, ಬಿಳಿ ಬಣ್ಣದಲ್ಲಿ ಹೆಸರು ಬರೆಯುವುದು. ಹೊರಗೆ ಮಳೆ ಸುರಿಯುವಾಗ ಶೆಡ್ಡಿನೊಳಗೆ ಪೈಂಟಿನ ವಾಸನೆ ಗಟ್ಟಿಯಾಗಿ ನಿಂತಿರುತ್ತಿತ್ತು. ಮಳೆ ಸ್ವಲ್ಪ ಬಿಟ್ಟಾಗ ಕೊರಗಪ್ಪಣ್ಣ ಮತ್ತು ನಾನು ಹತ್ತು ಮರ ನೋಡಿ ಬರುತ್ತಿದ್ದೆವು. ಅವರು ತೊಗಟೆ ಗೀರಿ, ಎಲೆ ಚಿವುಟಿ ತೋರಿಸಿ ಹೆಸರು ಹೇಳುತ್ತಿದ್ದರು. ನಾನು ಎಲೆಯನ್ನು ಪುಸ್ತಕದೊಳಗಿಟ್ಟು ಹೆಸರು ಬರೆದುಕೊಳ್ಳುತ್ತಿದ್ದೆ. ಬರೆಯಲು ಕೂತಾಗ ತೊಂದರೆ ಬಂತು. ಅವರು ರೆಂಜೆ ಎನ್ನುವ ಮರಕ್ಕೆ ಶಾಲೆಯ ಪುಸ್ತಕದಲ್ಲಿ ಬಕುಳ ಎಂದಿತ್ತು. ಯಾವುದನ್ನು ಬರೆಯುವುದು? ಆ ಪ್ರಶ್ನೆ ಹೊತ್ತುಕೊಂಡು ನಾನು ಒಬ್ಬಳೇ ಉಡುಪಿಯ ಕಾಲೇಜಿಗೆ ಹೋದೆ. ಗೇಟಿನಲ್ಲಿ ಅರ್ಧ ಗಂಟೆ ನಿಂತಿದ್ದು, ಧೈರ್ಯ ಬಂದ ಮೇಲೆ ಒಳಗೆ ಹೋಗಿ ವತ್ಸಲಾ ಮೇಡಂ ಎಲ್ಲಿದ್ದಾರೆಂದು ಕೇಳಿದೆ.

ಅವರು ನನ್ನ ಎಲೆಗಳ ಪುಸ್ತಕವನ್ನು ಪುಟ ಪುಟವಾಗಿ ನೋಡಿದರು. ಎರಡು ಹೆಸರೂ ಬರೆಯಿರಿ, ಕೆಳಗೆ ಲ್ಯಾಟಿನ್ ಹೆಸರು ನಾನು ಕೊಡುತ್ತೇನೆ, ಅದು ಪ್ರಪಂಚಕ್ಕೆಲ್ಲ ಒಂದೇ ಎಂದರು. ಆಮೇಲೆ ಶನಿವಾರ ಮಧ್ಯಾಹ್ನ ಅವರೇ ಗುಡ್ಡಕ್ಕೆ ಬರತೊಡಗಿದರು, ಬಗಲಲ್ಲಿ ಒಂದು ದಪ್ಪ ಪುಸ್ತಕ, ಕೊಡೆ. ಮಿಮುಸಾಪ್ಸ್ ಇಲೆಂಗಿ ಎಂದು ನಾನು ಕನ್ನಡ ಅಕ್ಷರದಲ್ಲಿ ಬರೆದಾಗ ಕೊರಗಪ್ಪಣ್ಣ ಓದಿಸಿ ಕೇಳಿದರು. "ಅದರಲ್ಲಿ ಇಲೆಂಗಿ ಅಂತ ಉಂಟಲ್ಲ. ಅದು ಮಲಯಾಳದವರು ಹೇಳುವ ಹೆಸರು. ನಮ್ಮ ಕಡೆಯದ್ದೇ" ಎಂದು ಅವರಿಗೆ ಸಂತೋಷ.

ಆಟಿ ತಿಂಗಳಲ್ಲಿ, ಎಂದರೆ ಆಷಾಢದಲ್ಲಿ, ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುವ ಕಷಾಯಕ್ಕೆ ಪಾಲೆ ಮರದ ತೊಗಟೆ ಕೇಳಿಕೊಂಡು ಜನ ತೋಟಕ್ಕೆ ಬಂದರು. ಕೊರಗಪ್ಪಣ್ಣ ಯಾರಿಗೂ ತಾವಾಗಿ ತೆಗೆಯಲು ಬಿಡಲಿಲ್ಲ. ಒಬ್ಬೊಬ್ಬರನ್ನೂ ಮರದ ಬುಡಕ್ಕೆ ಕರೆದೊಯ್ದು ತಾವೇ ಕಲ್ಲಿನಿಂದ ಜಜ್ಜಿ ತೆಗೆದುಕೊಟ್ಟರು. ಎಲ್ಲರೂ ಹೋದ ಮೇಲೆ ನನಗೆ ಆ ಮರವನ್ನೂ, ದೂರದಲ್ಲಿದ್ದ ಕಾಸರಕನ ಮರವನ್ನೂ ತೋರಿಸಿದರು. ಪಾಲೆಗೆ ಒಂದೇ ಗಂಟಿನಲ್ಲಿ ಸುತ್ತಲೂ ಆರೇಳು ಎಲೆ, ಚಿವುಟಿದರೆ ಹಾಲು. ಕಾಸರಕನಿಗೆ ಎದುರುಬದುರು ಎರಡೇ ಎಲೆ, ಹಾಲಿಲ್ಲ, ತೊಗಟೆ ವಿಷ. ಅವರು ಸಣ್ಣವರಿದ್ದಾಗ ಅವರ ಅಣ್ಣ ಬೆಳಗಿನ ಮಬ್ಬಿನಲ್ಲಿ ಹೋಗಿ ಪಾಲೆಯೆಂದು ಕಾಸರಕನ ತೊಗಟೆ ತಂದಿದ್ದನಂತೆ. ಮೊದಲು ಕುಡಿದವನೂ ಅವನೇ. ಬಿಸಿಲು ಏರುವ ಮೊದಲು ತೀರಿಕೊಂಡ.

"ಹೆಸರು ಅಂದರೆ ಬರೀ ಮಾತಲ್ಲ ಮಗಳೇ" ಎಂದರು. "ಗೊತ್ತಿದ್ದರೆ ಮಾತ್ರ ಬರಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡು."

ಮನೆಯಲ್ಲಿ ಈ ನಡುವೆ ಮಾತು ಬಿಗಿಯಾಗಿತ್ತು. ಮಳೆಯಲ್ಲಿ ನೆನೆದು ಬರುತ್ತೀ, ಶನಿವಾರ ತಡ ಮಾಡುತ್ತೀ, ನಿನ್ನನ್ನು ಮದುವೆಗೆ ಕೇಳಿಕೊಂಡು ಬಂದವರಿಗೆ ಏನೆಂದು ಹೇಳಲಿ ಎಂದು ಉಮ್ಮ ಕೇಳುತ್ತಿದ್ದರು. ತೋಟದಲ್ಲಿ ಬರೆಯುವ ಕೆಲಸ ಎಂದು ಹೇಳಿ ಎಂದೆ. ಐದನೇ ಕ್ಲಾಸಿನವಳಿಗೆ ಎಂತ ಬರೆಯುವ ಕೆಲಸ ಎಂದರು ಅವರು.

ಆಗಸ್ಟು ಮುಗಿಯುವಾಗ ಹತ್ತಿರ ಹತ್ತಿರ ಇನ್ನೂರು ಫಲಕ ಆಗಿತ್ತು. ಮರಕ್ಕೆ ಮೊಳೆ ಹೊಡೆಯಲು ಕೊರಗಪ್ಪಣ್ಣ ಬಿಡಲಿಲ್ಲ. ತಂತಿಯನ್ನು ಸಡಿಲವಾಗಿ ಸುತ್ತಿ ತೂಗುಹಾಕಿದೆವು. ಉಳಿದದ್ದು ಒಂದೇ ಮರ, ಗುಡ್ಡದ ಪೂರ್ವದ ಮೂಲೆಯಲ್ಲಿ ಕುಳ್ಳಗೆ, ಕಪ್ಪು ಒರಟು ತೊಗಟೆಯ ಮರ. ಉತ್ತರದ ಕಡೆಯಿಂದ ಬಂದ ಬೀಜ ಎಂದಷ್ಟೇ ಕೊರಗಪ್ಪಣ್ಣನಿಗೆ ನೆನಪು. ಆ ಮಳೆಗಾಲದಲ್ಲಿ ಅದಕ್ಕೆ ಹೂವಿಲ್ಲ, ಕಾಯಿಲ್ಲ. ಕರಿಮರದ ಜಾತಿಯದ್ದು ಇರಬಹುದು, ಆದರೆ ಅದರಲ್ಲಿ ಬಹಳ ಬಗೆ ಉಂಟು, ಊಹೆ ಬರೆಯುವುದು ಬೇಡ ಎಂದರು ಮೇಡಂ. ಅವರು ಪುಸ್ತಕ ತಿರುವುತ್ತಿದ್ದಾಗ ನಾನು ಒಂದು ಬಲಿತ ಎಲೆ ಕಿತ್ತು, ಬೇಸರಕ್ಕೆ ಬೆರಳಲ್ಲಿ ಸುರುಟುತ್ತಿದ್ದೆ. ಸುರುಟಿದ ರೀತಿ ನೋಡಿ ನನಗೇ ಸಂಶಯವಾಯಿತು. ಎಲೆ ಬಿಡಿಸಿ, ಹಿಂಬದಿಯ ನರಗಳನ್ನು ಹೆಬ್ಬೆರಳಿನಿಂದ ಸವರಿದೆ. ಹತ್ತು ವರ್ಷ ದಿನವೂ ಸವರಿದ ನರಗಳು. ಆದರೆ ನಾನು ಯಾವಾಗಲೂ ಕಂಡದ್ದು ಗೋಣಿಯಲ್ಲಿ ಬಂದ ಒಣ ಎಲೆ. ಹಸಿಯದ್ದನ್ನು ಕಂಡವಳೇ ಅಲ್ಲ. ಗೊತ್ತಿದ್ದರೆ ಮಾತ್ರ ಹೇಳಬೇಕಲ್ಲ. ಏನೂ ಹೇಳದೆ ಒಂದು ಕಟ್ಟು ಎಲೆ ಕೊಯ್ದು ಮನೆಗೆ ತಂದೆ.

ಒಲೆಯ ಮೇಲಿನ ಅಟ್ಟದಲ್ಲಿ ಐದು ದಿನ ಒಣಗಿಸಿ, ಎಲ್ಲಿಯದೆಂದು ಹೇಳದೆ ಉಮ್ಮನ ಮುಂದಿಟ್ಟೆ. ಅವರು ಒಂದು ಎಲೆ ಎತ್ತಿ ಮೂಸಿದರು. ನೀರಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಬೆಳಿಗ್ಗೆ ತಗಡಿಟ್ಟು ಕತ್ತರಿಸಿ, ಪುಡಿ ಹಾಕದೆ ಬರೀ ಎಲೆಯನ್ನು ಸುರುಟಿ, ತಲೆ ಮಡಚಿ ನೂಲು ಕಟ್ಟಿದರು. ಎಲ್ಲೂ ಸೀಳಲಿಲ್ಲ.

"ಒಳ್ಳೇ ಎಲೆ. ಬ್ರಾಂಚಿನವರು ಇಂಥದ್ದು ಕೊಡುವುದೇ ಇಲ್ಲ. ನಿನಗೆ ಎಲ್ಲಿ ಸಿಕ್ಕಿತು?"

"ನಮ್ಮ ತೋಟದ ಮರದ್ದು ಉಮ್ಮ."

ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಇದಕ್ಕೆ ಮರ ಉಂಟು ಎನ್ನುವುದು ಗೊತ್ತಿಲ್ಲದ ಸಂಗತಿಯಲ್ಲ, ಆದರೆ ಅದನ್ನು ಕಾಣಬಹುದು ಎಂದು ಅವರು ಯಾವತ್ತೂ ಎಣಿಸಿರಲಿಲ್ಲ. ಮುಂದಿನ ಶನಿವಾರ ತಲೆಗೆ ಶಾಲು ಹೊದ್ದು ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ನಾನು ಮರಗಳ ಹೆಸರು ಹೇಳುತ್ತಿದ್ದರೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೇಡಂ ಪುಸ್ತಕದ ವಿವರವನ್ನು ಎಲೆಗೂ ತೊಗಟೆಗೂ ಹೋಲಿಸಿ ನೋಡಿ, ಹೌದು, ಬೀಡಿ ಎಲೆಯದ್ದೇ, ತೂಬರೆ ಎನ್ನುತ್ತಾರೆ, ಡಯೋಸ್ಪೈರಾಸ್ ಮೆಲನೋಕ್ಸೈಲಾನ್ ಎಂದರು. ಮೊನ್ನೆಯೇ ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಿದರು. ಖಾತ್ರಿ ಇರಲಿಲ್ಲ, ಉಮ್ಮ ನೋಡಬೇಕಿತ್ತು ಎಂದೆ. ಕೊರಗಪ್ಪಣ್ಣ ತಲೆಯಾಡಿಸಿದರು.

ಉಮ್ಮ ಮರದ ಹತ್ತಿರ ಹೋಗಿ ತೊಗಟೆಯ ಮೇಲೆ ಕೈಯಿಟ್ಟು ನಿಂತಿದ್ದರು. ಬೇಸಿಗೆಯಲ್ಲಿ ಇದಕ್ಕೆ ಹಣ್ಣಾಗುತ್ತದೆ, ಆ ಕಡೆಯ ಮಕ್ಕಳು ತಿನ್ನುತ್ತಾರೆ ಎಂದು ಮೇಡಂ ಹೇಳಿದರು.

"ತಿನ್ನುವ ಹಣ್ಣಾ?" ಎಂದರು ಉಮ್ಮ. ತೊಗಟೆಯಿಂದ ಕೈ ತೆಗೆದು, "ನಾನು ಇದನ್ನು ಬರೀ ಸುಡುವ ಸಾಮಾನು ಅಂತ ಎಣಿಸಿದ್ದೆ" ಎಂದರು.

ಆ ಮರದ ಫಲಕವನ್ನು ನಾನು ಅವರ ಎದುರಿಗೇ ಬರೆದೆ. ಉಮ್ಮನಿಗೆ ಓದಲು ಬರುವುದಿಲ್ಲ. ಆದರೂ ಕೊನೆಯ ಅಕ್ಷರದವರೆಗೆ ನಿಂತು ನೋಡಿದರು.

ಅಕ್ಟೋಬರಿನಲ್ಲಿ ಮೇಲಧಿಕಾರಿ ಬಂದರು, ಉಡುಪಿಯ ಕಚೇರಿಯವರೂ ಜೊತೆಗೆ. ಪುಸ್ತಕ ಎಲ್ಲಿ ಎಂದು ಕೇಳಿದರು. ಒರಲೆ ತಿಂದಿದೆ ಸಾರ್, ಈ ಹುಡುಗಿ ಇದ್ದಾಳೆ ಎಂದು ಕೊರಗಪ್ಪಣ್ಣ ನನ್ನನ್ನು ಮುಂದೆ ಬಿಟ್ಟರು. ನಾನು ಹೊಸದಾಗಿ ಬರೆದ ಪಟ್ಟಿ ಕೊಟ್ಟೆ. ಅವರು ಅದನ್ನು ಮಡಚಿ ಕೈಯಲ್ಲಿಟ್ಟುಕೊಂಡು, ನಡೆಯಿರಿ ಎಂದರು. ಒಂದು ಮರದ ಮುಂದೆ ನಿಂತು ಫಲಕದ ಮೇಲೆ ಫೈಲು ಅಡ್ಡ ಹಿಡಿದು, ಇದು ಯಾವುದು ಎಂದು ಕೇಳಿದರು. ಹೇಳಿದೆ. ಇನ್ನೊಂದು. ಹೇಳಿದೆ. ಪುನರ್ಪುಳಿ, ನಾಗಸಂಪಿಗೆ, ಹೊನ್ನೆ. ಹೀಗೆ ಇಪ್ಪತ್ತೋ ಮೂವತ್ತೋ ಆಗಿರಬೇಕು. ಕೆರೆಯ ಪಕ್ಕದ ಒಂದು ಮರ ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ.

"ಗೊತ್ತಿಲ್ಲ ಸಾರ್. ಫಲಕ ನೋಡಿಯೇ ಹೇಳಬೇಕು" ಎಂದೆ.

ಅವರು ಫೈಲು ತೆಗೆದು ತಾವೇ ಓದಿದರು. ಎಷ್ಟು ಕಲಿತಿದ್ದೀರಿ ಎಂದು ಕೇಳಿದರು. ಐದು ಎಂದೆ. ಗೇರು ಹಾಕಿದರೆ ಇಲಾಖೆಗೆ ಒಳ್ಳೆಯದಲ್ಲವೇ ಎಂದು ಕೊರಗಪ್ಪಣ್ಣನನ್ನು ಕೇಳಿದರು. ಗೇರು ಎಲ್ಲ ಕಡೆ ಉಂಟು ಸಾರ್, ಗೇರು ಅಲ್ಲದ್ದು ಎಂತೆಲ್ಲ ಉಂಟು ಅಂತ ನೋಡಲು ಜನ ಇಲ್ಲಿಗೆ ಬರುವುದು ಎಂದರು ಅವರು.

ಡಿಸೆಂಬರಿನಲ್ಲಿ ತೀರ್ಮಾನ ಬಂತು. ಪಡುವಣದ ಇಳಿಜಾರು ಗೇರಿಗೆ ಹೋಯಿತು. ನಾವು ಆ ಕಡೆಯ ಹದಿನೇಳು ಮರಗಳನ್ನು ಕಳೆದುಕೊಂಡೆವು. ಕಡಿಯುವ ಮೊದಲು ಸಾಧ್ಯವಾದವುಗಳ ಗೆಲ್ಲು, ಬೀಜ ತೆಗೆದಿಟ್ಟೆವು. ಉಳಿದ ಗುಡ್ಡ ಸಸ್ಯೋದ್ಯಾನವಾಗಿಯೇ ಉಳಿಯಿತು. ನನ್ನ ಹೆಸರನ್ನು ದಿನಗೂಲಿಯಿಂದ ತೆಗೆದು ತೋಟದ ಸಹಾಯಕಿ ಎಂದು ಬರೆದುಕೊಂಡರು. ಕೊರಗಪ್ಪಣ್ಣ ಅಂದು ನನಗೆ ಕಸಿ ಕಟ್ಟುವ ಒಂದು ಸಣ್ಣ ಚೂರಿ ಕೊಟ್ಟರು, ಅವರದ್ದೇ ಹಳೆಯದ್ದು.

ಕಾಗದ ತೋರಿಸಲು ನಾನು ಸಂಜೆ ಮನೆಗೆ ಓಡಿಬಂದೆ. ಉಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕೂತಿದ್ದರು. ನಾನು ಓದಿ ಹೇಳಿದ್ದನ್ನು ಕೇಳಿದರು. ಕಾಗದ ತೆಗೆದುಕೊಂಡು ನೋಡಿ, ಮಡಚಿ ವಾಪಸು ಕೊಟ್ಟರು. ಒಂದು ಬೀಡಿ ಕಟ್ಟಿ ಮುಗಿಸಿದರು. ಆಮೇಲೆ ತಲೆ ಎತ್ತದೆಯೇ ಕೇಳಿದರು:

"ಅಲ್ಲಿ ಇನ್ನೊಬ್ಬರಿಗೆ ಕೆಲಸ ಉಂಟಾ ಅಂತ ನಿಮ್ಮ ಕೊರಗಪ್ಪಣ್ಣನ ಹತ್ತಿರ ಕೇಳ್ತೀಯಾ? ನನಗೂ ಕೆಲವು ಗಿಡ ನೋಡಬೇಕು."